ಒಂಟೆ ಮೊದಲು ಹೊರಗೆ: ಲಂಡನ್ ಸಿಸ್ಟಮ್ ಆಡುವ ಬಗೆ

ಬಿಳಿ ಕಾಯಿಯವರು ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸಿದ ಕೂಡಲೇ ಕಪ್ಪಿನವರಿಗೆ ಹಲವು ದಾರಿಗಳು ತೆರೆದುಕೊಳ್ಳುತ್ತವೆ. ಸ್ಲಾವ್, ನಿಮ್ಜೊ ಇಂಡಿಯನ್, ಕಿಂಗ್ಸ್ ಇಂಡಿಯನ್, ಗ್ರುನ್‌ಫೆಲ್ಡ್, ಬೆನೊನಿ, ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಒಂದೊಂದರ ಮೇಲೂ ದಪ್ಪ ದಪ್ಪ ಪುಸ್ತಕಗಳಿವೆ. ಎರಡನೇ ನಡೆಗೆ ಸಿ4 ಆಡುವವರು ಇವೆಲ್ಲವನ್ನೂ ಒಂದಷ್ಟಾದರೂ ತಿಳಿದುಕೊಂಡಿರಬೇಕು. ಕೆಲಸ, ಮನೆ, ಮಕ್ಕಳ ಓದು ಇವುಗಳ ನಡುವೆ ಬಿಡುವು ಮಾಡಿಕೊಂಡು ಭಾನುವಾರದ ರ್‍ಯಾಪಿಡ್ ಟೂರ್ನಿಗೆ ಹೋಗುವವರಿಗೆ ಅಷ್ಟು ಸಮಯ ಎಲ್ಲಿಂದ ಬರಬೇಕು? ಅಂಥವರಿಗೆ ನಾನು ಧೈರ್ಯವಾಗಿ ಹೇಳುವ ಓಪನಿಂಗ್ ಲಂಡನ್ ಸಿಸ್ಟಮ್. ಮೊದಲು ಡಿ4, ಆಮೇಲೆ ಕಪ್ಪು ಮನೆಗಳ ಮೇಲೆ ನಡೆಯುವ ಒಂಟೆಯನ್ನು ಎಫ್4ಕ್ಕೆ ತರುವುದು. ಎದುರಾಳಿ ಏನೇ ಆಡಿದರೂ ಬಹುಪಾಲು ಇದೇ ಕಟ್ಟಡ ನಿಲ್ಲುತ್ತದೆ. ಆದರೆ ಎಂಟು ನಡೆಗಳನ್ನು ಬಾಯಿಪಾಠ ಮಾಡಿ ಎದುರಿನವರ ಕೈ ನೋಡದೆ ಆಡಿದರೆ ಅದರಿಂದ ಏನೂ ಸಿಗುವುದಿಲ್ಲ. ಈ ಓಪನಿಂಗ್ ಇ5 ಎಂಬ ಒಂದೇ ಒಂದು ಮನೆಗಾಗಿ ನಡೆಯುವ ಜಗಳ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮುಂದೆ ಓದುವಾಗ ಪಕ್ಕದಲ್ಲಿ ಬೋರ್ಡ್ ಹರವಿಕೊಳ್ಳಿ. ಬಿಳಿಯವರ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಸಾಲುಗಳು. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರಿಲ್ಲದೆ ಬರೀ ‘ಡಿ4’ ಎಂದಿದ್ದರೆ ಅದು ಕಾಲಾಳಿನ ನಡೆ.

ಈ ಆಟ ಹೊಸದಲ್ಲ. ಜೇಮ್ಸ್ ಮೇಸನ್ 1880ರ ದಶಕದಲ್ಲೇ ಒಂಟೆಯನ್ನು ಎಫ್4ಕ್ಕೆ ತಂದು ಆಡುತ್ತಿದ್ದರು. 1922ರ ಲಂಡನ್ ಟೂರ್ನಿಯಲ್ಲಿ ಹಲವು ಆಟಗಳಲ್ಲಿ ಇದು ಕಾಣಿಸಿಕೊಂಡದ್ದರಿಂದ ಊರಿನ ಹೆಸರೇ ಅಂಟಿತು. ಆ ಟೂರ್ನಿಯನ್ನು ಗೆದ್ದವರು ಕಾಪಾಬ್ಲಾಂಕಾ. ಬಹುಕಾಲ ಇದನ್ನು ಹಳಬರ, ಡ್ರಾ ಬಯಸುವವರ ಆಟವೆಂದು ಬದಿಗೆ ಸರಿಸಿದ್ದರು. ಗಾಟಾ ಕಾಮ್‌ಸ್ಕಿ ಇದನ್ನು ನೆಚ್ಚಿ ಆಡಿದರು, ಮ್ಯಾಗ್ನಸ್ ಕಾರ್ಲ್‌ಸನ್ ಕೈಗೆತ್ತಿಕೊಂಡರು, ಕೊನೆಗೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕೂ ಇದು ಬಂತು. 2023ರಲ್ಲಿ ಅಸ್ತಾನಾದಲ್ಲಿ ಡಿಂಗ್ ಲಿರೆನ್ ಇದರಿಂದಲೇ ಇಯಾನ್ ನೆಪೊಮ್‌ನಿಯಾಚಿ ಅವರನ್ನು ಸೋಲಿಸಿದರು. 2024ರಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ ವಿರುದ್ಧ ಆರನೇ ಆಟದಲ್ಲಿಯೂ ಡಿಂಗ್ ಇದನ್ನೇ ಆಡಿದರು. ಆ ಆಟ ಡ್ರಾ ಆಯಿತು.

ಒಂಟೆ ಯಾಕೆ ಮೊದಲು?

ಡಿ4 ಆಡಿದ ಮೇಲೆ ಅದಕ್ಕೆ ಬಲ ಕೊಡಲು ಇ3 ಆಡಲೇಬೇಕಾಗುತ್ತದೆ. ಇ3 ಆಡಿದ ಕ್ಷಣ ಸಿ1ರಲ್ಲಿರುವ ಒಂಟೆಗೆ ಬಾಗಿಲು ಮುಚ್ಚಿತು. ಡಿ2ರಿಂದ ಆಚೆಗೆ ಅದಕ್ಕೆ ದಾರಿಯಿಲ್ಲ. ಬೆಲ್ಜಿಯಂನ ಎಡ್ಗಾರ್ ಕೊಲ್ ಹೆಸರಿನ ಕೊಲ್ ಸಿಸ್ಟಮ್‌ನಲ್ಲಿ ಬಿಳಿ ಈ ಬಂಧನವನ್ನು ಒಪ್ಪಿಕೊಳ್ಳುತ್ತದೆ; ಮುಂದೆ ಇ4 ತಳ್ಳಿ ಬಿಡಿಸಿಕೊಳ್ಳೋಣವೆಂದು ಕಾಯುತ್ತದೆ. ಲಂಡನ್ ಆಡುವವರು ಕಾಯುವುದಿಲ್ಲ. ಬಾಗಿಲು ಹಾಕುವ ಮೊದಲೇ ಒಂಟೆಯನ್ನು ಹೊರಗೆ ಕಳಿಸಿ, ಆಮೇಲೆ ಇ3 ಆಡುತ್ತಾರೆ. ಎಫ್4ರಲ್ಲಿ ಕೂತ ಒಂಟೆಯ ಕಣ್ಣು ಇ5ರ ಮೇಲೆ, ಅದರಾಚೆ ಡಿ6, ಸಿ7ರ ಮೇಲೆ.

ನಂತರ ಕಟ್ಟುವುದು ಸರಳ. ಸಿ3, ಡಿ4, ಇ3 ಮೂರು ಕಾಲಾಳುಗಳು ತ್ರಿಕೋನವಾಗಿ ಒಂದಕ್ಕೊಂದು ಬಲವಾಗಿ ನಿಲ್ಲುತ್ತವೆ. ರಾಣಿಯ ಕಡೆಯ ಕುದುರೆ ಡಿ2ಕ್ಕೆ, ರಾಜನ ಕಡೆಯದು ಎಫ್3ಕ್ಕೆ. ಬಿಳಿ ಮನೆಗಳ ಒಂಟೆ ಡಿ3ಕ್ಕೆ ಬಂದು ಎಚ್7ರತ್ತ ಗುರಿ ಇಡುತ್ತದೆ. ಸಿ3 ಇರುವುದರಿಂದ ಡಿ4 ಅಲುಗುವುದಿಲ್ಲ, ಕಪ್ಪಿನ ಕುದುರೆಗೆ ಬಿ4 ಸಿಗುವುದಿಲ್ಲ. ಮಧ್ಯಭಾಗ ಬಿಗಿಯಾಗಿರುವಾಗ ರಾಜನಿಗೆ ಅವಸರದ ಅಪಾಯವೂ ಇಲ್ಲ. ಹಾಗಾಗಿ ಲಂಡನ್‌ನಲ್ಲಿ ಕ್ಯಾಸ್ಲಿಂಗ್‌ಗೆ ಆತುರಪಡುವುದು ಬೇಡ. ಎಚ್1ರ ಆನೆ ತನ್ನ ಜಾಗದಲ್ಲಿದ್ದಷ್ಟು ಕಾಲ ಎಚ್ ಸಾಲು ತೆರೆದರೆ ಅದರ ಲಾಭ ಬಿಳಿಗೇ.

ಕಪ್ಪು ಒಂಟೆಯನ್ನು ಡಿ6ಕ್ಕೆ ತಂದು ಬದಲಾವಣೆಗೆ ಕರೆಯುವುದು ನೀವು ಬಹಳ ಸಲ ನೋಡುವ ನಡೆ. ಹೊಸಬರು ತಟ್ಟನೆ ಹೊಡೆದುಬಿಡುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಒಂಟೆಯನ್ನು ಜಿ3ಕ್ಕೆ ಸರಿಸುವುದು ಒಳ್ಳೆಯದು. ಕಪ್ಪು ಅಲ್ಲಿಗೆ ಬಂದು ಹೊಡೆದರೆ ಬಿಳಿ ಎಚ್ ಸಾಲಿನ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ. ಆನೆಗೆ ಎಚ್7ರವರೆಗೆ ಸಾಲು ತೆರೆಯುತ್ತದೆ. ಕಪ್ಪು ರಾಜ ಆ ಕಡೆಗೆ ಕ್ಯಾಸ್ಲಿಂಗ್ ಮಾಡಿಕೊಂಡಿದ್ದರೆ ಅವನಿಗೆ ಇನ್ನು ನೆಮ್ಮದಿಯಿಲ್ಲ. ಡಿ3ರ ಒಂಟೆ ಮತ್ತು ಎಚ್1ರ ಆನೆ ಎರಡೂ ಎಚ್7ನ್ನು ನೋಡುತ್ತಿವೆ, ನಡುವೆ ಕಾಯುತ್ತಿರುವುದು ಎಫ್6ರ ಕುದುರೆಯೊಂದೇ. ಇ4, ಇ5 ಎಂದು ಕಾಲಾಳು ಮುಂದೆ ಬಂದು ಆ ಕುದುರೆಯನ್ನು ಓಡಿಸಿತೋ, ಗೋಡೆ ಬಿದ್ದ ಹಾಗೆಯೇ. ಕಪ್ಪು ಡಿ6ರಲ್ಲೇ ಸುಮ್ಮನಿದ್ದರೆ ನಾವೂ ಹೊಡೆಯುವ ಅಗತ್ಯವಿಲ್ಲ. ಯಾವಾಗ ಹೊಡೆಯಬೇಕೆಂಬುದನ್ನು ಇ5 ಹೇಳುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಒಂದು ಪೂರ್ತಿ ಉದಾಹರಣೆ

ಮಾತಿಗಿಂತ ನಡೆಗಳೇ ಸ್ಪಷ್ಟ. ಇದು ಲಂಡನ್‌ನ ತೀರ ಸಹಜವಾದ ಸಾಗುವಿಕೆ; ಎರಡೂ ಕಡೆಯವರು ಕಣ್ಣಿಗೆ ಸರಿಯೆನಿಸುವ ನಡೆಗಳನ್ನೇ ಆಡುತ್ತಾರೆ.

1. ಡಿ4 — ಡಿ5
2. ಒಂಟೆ ಎಫ್4 — ಕುದುರೆ ಎಫ್6
3. ಇ3 — ಇ6
4. ಕುದುರೆ ಡಿ2 — ಸಿ5
5. ಸಿ3 — ಕುದುರೆ ಸಿ6
6. ಕುದುರೆ (ಜಿ1ರದ್ದು) ಎಫ್3 — ಒಂಟೆ ಡಿ6
7. ಒಂಟೆ ಜಿ3 — ಕ್ಯಾಸ್ಲಿಂಗ್
8. ಒಂಟೆ ಡಿ3 — ರಾಣಿ ಇ7

ಇಲ್ಲಿ ನಿಂತು ನೋಡಿ. ಕಪ್ಪು ರಾಣಿಯನ್ನು ಇ7ಕ್ಕೆ ಏಕೆ ತಂದಿತು? ಇ5 ತಳ್ಳಲು. ಆ ಕಾಲಾಳು ಒಮ್ಮೆ ಇ5ಕ್ಕೆ ಬಂದರೆ ಮಧ್ಯಭಾಗ ಕಪ್ಪಿನ ಕೈಗೆ ಹೋಗುತ್ತದೆ, ಮುಂದೆ ಇ4 ತಳ್ಳಿ ಬಿಳಿಯ ಒಂಟೆಯನ್ನೂ ಕುದುರೆಯನ್ನೂ ಒಟ್ಟಿಗೆ ಹಿಡಿಯುವ ಬೆದರಿಕೆಯೂ ಇದೆ. ಬಾಯಿಪಾಠ ಮಾಡಿದವರು ಇಲ್ಲಿ ಕಣ್ಣು ಮುಚ್ಚಿ ಕ್ಯಾಸ್ಲಿಂಗ್ ಮಾಡುತ್ತಾರೆ. ಮನೆಯ ಬೆಲೆ ತಿಳಿದವರು ಕುದುರೆಯನ್ನು ತಾವೇ ಇ5ರಲ್ಲಿ ಕೂರಿಸುತ್ತಾರೆ.

9. ಕುದುರೆ ಇ5

ಕಪ್ಪು ಕುದುರೆಯಿಂದ ಹೊಡೆದರೆ ಬಿಳಿ ಡಿ4ರ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ. ಆ ಕಾಲಾಳು ಡಿ6ರ ಒಂಟೆ, ಎಫ್6ರ ಕುದುರೆ ಎರಡನ್ನೂ ಒಂದೇ ಸಲ ಹಿಡಿಯುತ್ತದೆ. ಒಂದು ಕಾಯಿ ಹೋಗುವುದು ಖಚಿತ. ಹಾಗಾಗಿ ಕಪ್ಪು ಕುದುರೆಯನ್ನು ಡಿ7ಕ್ಕೆ ತಂದು ಮರ್ಯಾದೆಯ ಬದಲಾವಣೆ ಕೇಳುತ್ತದೆ.

9. … — ಕುದುರೆ (ಎಫ್6ರದ್ದು) ಡಿ7
10. ಕುದುರೆಯಿಂದ ಡಿ7ನ್ನು ಹೊಡೆ — ಒಂಟೆಯಿಂದ ಡಿ7ನ್ನು ಹೊಡೆ
11. ಒಂಟೆಯಿಂದ ಡಿ6ನ್ನು ಹೊಡೆ — ರಾಣಿಯಿಂದ ಡಿ6ನ್ನು ಹೊಡೆ
12. ಡಿ ಕಾಲಾಳಿನಿಂದ ಸಿ5ನ್ನು ಹೊಡೆ — ರಾಣಿಯಿಂದ ಸಿ5ನ್ನು ಹೊಡೆ

ಮೇಲ್ನೋಟಕ್ಕೆ ಕಾಯಿಗಳು ಸಮ, ಆಟ ಸಪ್ಪೆ. ಆದರೆ ಎಫ್6ರಲ್ಲಿ ಕಾಯುತ್ತಿದ್ದ ಕುದುರೆ ಈಗಿಲ್ಲ, ಎಚ್7 ಬೋಳಾಗಿದೆ, ಕಪ್ಪಿನ ರಾಣಿ ಸಿ5ರಲ್ಲಿ ಒಂಟಿಯಾಗಿ ನಿಂತಿದೆ.

13. ಒಂಟೆಯಿಂದ ಎಚ್7ನ್ನು ಹೊಡೆದು ಚೆಕ್ — ರಾಜನಿಂದ ಒಂಟೆಯನ್ನು ಹೊಡೆ
14. ರಾಣಿ ಎಚ್5, ಚೆಕ್ — ರಾಜ ಜಿ8
15. ಕುದುರೆ ಇ4

ಡಿ2ರಲ್ಲಿ ಇಷ್ಟು ಹೊತ್ತು ಯಾರ ಕಣ್ಣಿಗೂ ಬೀಳದೆ ಕೂತಿದ್ದ ಕುದುರೆ ಈಗ ಎದ್ದಿದೆ. ಅದು ರಾಣಿಯನ್ನು ಹಿಡಿದಿದೆ, ಜಿ5ಕ್ಕೆ ಹಾರಿ ಎಚ್7ರಲ್ಲಿ ಮೇಟ್ ಕೊಡುವ ಬೆದರಿಕೆಯನ್ನೂ ಹಾಕಿದೆ. ಡಿ5ರ ಕಾಲಾಳು ಕುದುರೆಯನ್ನು ಹೊಡೆದರೆ ಐದನೇ ಅಡ್ಡಸಾಲು ತೆರೆದುಕೊಂಡು ಬಿಳಿ ರಾಣಿ ಎಚ್5ರಿಂದ ನೇರ ಸಿ5ರ ರಾಣಿಯನ್ನು ಹೊಡೆಯುತ್ತದೆ. ಕಪ್ಪಿಗೆ ಉಳಿದ ಒಳ್ಳೆಯ ದಾರಿ ಜಿ6 ತಳ್ಳುವುದು. ಆಗ ಕುದುರೆ ಸಿ5ರ ರಾಣಿಯನ್ನು ಹೊಡೆಯುತ್ತದೆ, ಕಪ್ಪು ಕಾಲಾಳು ಎಚ್5ರ ರಾಣಿಯನ್ನು ಹೊಡೆಯುತ್ತದೆ, ಕುದುರೆ ಡಿ7ರ ಒಂಟೆಯನ್ನೂ ಹೊಡೆದು ಎಫ್8ರ ಆನೆಯ ಮೇಲೆ ಕಣ್ಣಿಡುತ್ತದೆ. ಲೆಕ್ಕ ಹಾಕಿ: ಬಿಳಿಗೆ ಏಳು ಕಾಲಾಳು, ಕಪ್ಪಿಗೆ ಆರು, ಅದರಲ್ಲಿ ಒಂದು ಎಚ್ ಸಾಲಿನ ಅಂಚಿನಲ್ಲಿ ಒಂಟಿ.

ಈ ಹದಿನೈದು ನಡೆಗಳನ್ನು ಕೈಯಿಂದ ನಾಲ್ಕಾರು ಸಲ ನಡೆಸಿ ನೋಡಿ. ಇಲ್ಲಿ ಬಿಳಿ ಕ್ಯಾಸ್ಲಿಂಗ್ ಮಾಡಿಲ್ಲ, ಎಚ್3 ಆಡಿಲ್ಲ, ಒಂದು ನಡೆಯನ್ನೂ ವ್ಯರ್ಥ ಮಾಡಿಲ್ಲ. ಇ5ಕ್ಕೆ ಹೋದ ಕುದುರೆಗೆ ಅಲ್ಲೇ ಕೂರುವ ಭಾಗ್ಯ ಸಿಗಲಿಲ್ಲ, ಆದರೂ ಅದು ಎಫ್6ರ ಕಾವಲುಗಾರನನ್ನು ತನ್ನ ಜೊತೆ ಕರೆದುಕೊಂಡು ಹೋಯಿತು.

ಕಪ್ಪು ಎಂಟನೇ ನಡೆಗೆ ರಾಣಿಯ ಬದಲು ಬಿ6 ಆಡಿ ಒಂಟೆಯನ್ನು ಬಿ7ಕ್ಕೆ ತರಲು ಹೊರಟರೆ? ಆಗಲೂ ಕುದುರೆ ಇ5ಕ್ಕೆ ಬರಬಹುದು. ಬಂದ ಮೇಲೆ ಎಫ್4 ತಳ್ಳಿ ಕುದುರೆಗೆ ಬಲ ಕೊಡಿ; ಜಿ3ರಲ್ಲಿರುವ ಒಂಟೆಗೆ ಅದರಿಂದ ಸ್ವಲ್ಪ ಅಡ್ಡಿಯಾಗುತ್ತದೆ, ಚಿಂತೆಯಿಲ್ಲ. ರಾಣಿ ಎಫ್3ಕ್ಕೆ, ಅಲ್ಲಿಂದ ಎಚ್3ಕ್ಕೆ. ಡಿ2ರ ಕುದುರೆ ಎಫ್3ಕ್ಕೆ, ಅಲ್ಲಿಂದ ಜಿ5ಕ್ಕೆ. ದಾಳಿ ತಾನಾಗಿ ರಾಜನ ಕಡೆಗೆ ತಿರುಗುತ್ತದೆ.

ಇ5ರ ಕಾವಲುಗಾರರನ್ನು ಒಬ್ಬೊಬ್ಬರಾಗಿ ತೆಗೆಯುವುದು

2016ರ ಟಾಟಾ ಸ್ಟೀಲ್ ಟೂರ್ನಿಯಲ್ಲಿ ಕಾರ್ಲ್‌ಸನ್ ರಷ್ಯಾದ ಎವ್ಗೆನಿ ತೊಮಾಶೆವ್‌ಸ್ಕಿ ಎದುರು ಆಡಿದ ಲಂಡನ್ ಆಟವನ್ನು ಈ ಓಪನಿಂಗ್ ಕಲಿಯುವ ಎಲ್ಲರೂ ನೋಡಬೇಕು. ಕಪ್ಪಿನ ಒಂದು ಒಂಟೆ ಡಿ6ರಲ್ಲಿ ನಿಂತು ಇ5ನ್ನು ಕಾಯುತ್ತಿತ್ತು. ಒಂದು ಕುದುರೆ ಜಿ6ಕ್ಕೆ ಹೋಗಿ ಅಲ್ಲಿಂದಲೂ ಇ5ನ್ನು ಕಾಯುತ್ತಿತ್ತು. ಕಾರ್ಲ್‌ಸನ್ ತಮ್ಮ ಡಿ3ರ ಒಂಟೆಯನ್ನು ಕೊಟ್ಟು ಜಿ6ರ ಕುದುರೆಯನ್ನು ತೆಗೆದರು. ಮರುನಡೆಗೆ ಎಫ್4ರ ಒಂಟೆಯನ್ನು ಕೊಟ್ಟು ಡಿ6ರ ಒಂಟೆಯನ್ನು ತೆಗೆದರು. ಎರಡು ಒಂಟೆಗಳೂ ಹೋದವು. ಕುದುರೆ ಇ5ಕ್ಕೆ ಬಂದು ಕೂತಿತು, ಎಫ್4 ತಳ್ಳಿ ಎಫ್ ಸಾಲು ತೆರೆದರು, ಆಟ ಗೆದ್ದರು. ಒಂಟೆಗಳ ಜೋಡಿ ಬೆಲೆಬಾಳುವುದು ಎಂದು ಕಲಿತವರಿಗೆ ಇದು ಮೊದಲು ಒಪ್ಪಿಗೆಯಾಗದು. ಆದರೆ ಆ ಸ್ಥಿತಿಯಲ್ಲಿ ಒಂಟೆಗಳಿಗಿಂತ ಆ ಒಂದು ಮನೆ ಹೆಚ್ಚು ಬೆಲೆಬಾಳುತ್ತಿತ್ತು. ಡಿ6ರ ಒಂಟೆಯನ್ನು ಯಾವಾಗ ಹೊಡೆಯಬೇಕೆಂಬ ಪ್ರಶ್ನೆಗೆ ಉತ್ತರ ಇದೇ: ಹೊಡೆದ ಮರುನಡೆಗೆ ಕುದುರೆ ಇ5ಕ್ಕೆ ಹೋಗಿ ಗಟ್ಟಿಯಾಗಿ ಕೂರುವುದಾದರೆ ಹೊಡೆಯಿರಿ, ಇಲ್ಲವಾದರೆ ಬಿಡಿ.

ಕಪ್ಪು ಸಿ5 ಮತ್ತು ರಾಣಿ ಬಿ6 ಆಡಿದಾಗ

ಒಂಟೆ ಸಿ1 ಬಿಟ್ಟು ಹೋದ ಮೇಲೆ ಬಿ2ರ ಕಾಲಾಳು ಅನಾಥ. ಲಂಡನ್‌ನಲ್ಲಿ ಬಿಳಿಗಿರುವ ನಿಜವಾದ ನೋವು ಇದೊಂದೇ. ತಿಳಿದ ಎದುರಾಳಿ ನೇರ ಸಿ5 ತಳ್ಳಿ, ರಾಣಿಯನ್ನು ಬಿ6ಕ್ಕೆ ತಂದು ಬಿ2ರ ಮೇಲೆ ಕೂರುತ್ತಾರೆ. ಇದಕ್ಕೆ ಸಿದ್ಧರಾಗಿರದವರು ಐದನೇ ನಡೆಗೇ ಗಲಿಬಿಲಿಗೊಳ್ಳುತ್ತಾರೆ.

ಸಿ3 ಆಡಿ ಆಗಿದ್ದರೆ ಉತ್ತರ ಸುಲಭ: ನಿಮ್ಮ ರಾಣಿಯನ್ನೂ ಬಿ3ಕ್ಕೆ ತಂದು ಎದುರಿಗೆ ನಿಲ್ಲಿಸಿ. ಕಪ್ಪು ರಾಣಿಗಳನ್ನು ಬದಲಾಯಿಸಿದರೆ ನೀವು ಎ ಕಾಲಾಳಿನಿಂದ ತಿರುಗಿ ಹೊಡೆಯುತ್ತೀರಿ. ಬಿ ಸಾಲಿನಲ್ಲಿ ಕಾಲಾಳುಗಳು ಒಂದರ ಹಿಂದೊಂದು ನಿಂತರೂ ಅವುಗಳ ಮೇಲೆ ದಾಳಿ ಮಾಡುವುದು ಕಷ್ಟ, ಬದಲಿಗೆ ಎ1ರ ಆನೆಗೆ ಕದಲದೆಯೇ ಅರ್ಧ ತೆರೆದ ಸಾಲು ಸಿಕ್ಕಿತು. ಕಪ್ಪು ಸಿ4 ತಳ್ಳಿ ನಿಮ್ಮ ರಾಣಿಯನ್ನು ಓಡಿಸಿದರೆ ಸಿ2ಕ್ಕೆ ಹೋಗಿ. ಸಿ4ಕ್ಕೆ ಹೋದ ಕಾಲಾಳು ಡಿ4ರ ಮೇಲಿನ ಒತ್ತಡವನ್ನು ತಾನೇ ಬಿಟ್ಟುಕೊಟ್ಟಿದೆ, ಇನ್ನು ನಿಮ್ಮ ಇ4ಕ್ಕೆ ಬಲ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ರಾಣಿ ಸಿ2ಕ್ಕೆ ಬಂದಾಗ ಕಪ್ಪು ಒಂಟೆಯನ್ನು ಎಫ್5ಕ್ಕೆ ತಂದು ಕೆಣಕಬಹುದು. ಆ ಒಂಟೆಯನ್ನು ಹೊಡೆದರೆ ಕಪ್ಪು ರಾಣಿ ಬಿ2ನ್ನು ಹೊಡೆದು ಎ1ರ ಆನೆಯನ್ನು ಹಿಡಿಯುತ್ತದೆ. ನಿಮ್ಮ ಕುದುರೆ ಇನ್ನೂ ಬಿ1ರಲ್ಲೇ ಇದ್ದರೆ ಆನೆಗೆ ಓಡಲು ಜಾಗವಿಲ್ಲ, ಅದು ಹೋಯಿತು. ಕುದುರೆ ಆಗಲೇ ಡಿ2ಕ್ಕೆ ಬಂದಿದ್ದರೆ ಆನೆ ಪಕ್ಕಕ್ಕೆ ಸರಿದು ಪಾರಾಗುತ್ತದೆ, ಕಪ್ಪಿಗೆ ಒಂಟೆ ನಷ್ಟ. ಮೇಲಿನ ಉದಾಹರಣೆಯಲ್ಲಿ ಎಫ್3ರ ಕುದುರೆಗಿಂತ ಮೊದಲೇ ಡಿ2ರ ಕುದುರೆಯನ್ನು ಎಬ್ಬಿಸಿದ್ದು ಇದಕ್ಕಾಗಿಯೇ. ನಡೆಗಳ ಕ್ರಮ ಲಂಡನ್‌ನಲ್ಲಿ ಅಲಂಕಾರವಲ್ಲ.

ಇನ್ನು ಕಪ್ಪು ಇನ್ನೂ ಬೇಗ, ಮೂರನೇ ನಡೆಗೇ ರಾಣಿಯನ್ನು ತಂದರೆ? 1. ಡಿ4 ಡಿ5, 2. ಒಂಟೆ ಎಫ್4 ಸಿ5, 3. ಇ3 ರಾಣಿ ಬಿ6. ಇಲ್ಲಿ ಸಿ3 ಮರೆತುಬಿಡಿ. ಕುದುರೆಯನ್ನೇ ಸಿ3ಕ್ಕೆ ತನ್ನಿ. ಕಪ್ಪು ಆಸೆಪಟ್ಟು ಬಿ2ನ್ನು ಹೊಡೆದರೆ ಕುದುರೆ ಡಿ5ನ್ನು ಹೊಡೆಯುತ್ತದೆ. ಮುಂದಿನ ನಡೆಗೆ ಸಿ7ರಲ್ಲಿ ಚೆಕ್ ಕೊಟ್ಟು ಎ8ರ ಆನೆಯನ್ನು ಎತ್ತಿಕೊಳ್ಳುವ ಬೆದರಿಕೆ. ಎಫ್4ರ ಒಂಟೆ ಸಿ7ಕ್ಕೆ ಬಲವಾಗಿ ನಿಂತಿರುವುದನ್ನು ಗಮನಿಸಿ. ಕಪ್ಪು ಆಸೆಪಡದೆ ಇ6 ಆಡಿದರೂ ಕುದುರೆ ಬಿ5ಕ್ಕೆ ಹಾರಿ ಅದೇ ಸಿ7ನ್ನು ನೋಡುತ್ತದೆ. ಲಂಡನ್ ಎಂದರೆ ಸಿ3 ಎಂದು ಕಲಿತವರಿಗೆ ಈ ನಡೆ ಹೊಳೆಯುವುದೇ ಇಲ್ಲ. ಕುದುರೆಯನ್ನು ಮೊದಲಿಗೇ ಸಿ3ಕ್ಕೆ ತಂದು ಆಡುವ ಒಂದು ಕವಲು ಇದೆ. ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್ ಬಾದುರ್ ಜೊಬಾವಾ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಅದು ಹೆಚ್ಚು ಬಿರುಸಿನ ಆಟ. ಲಂಡನ್ ಚೆನ್ನಾಗಿ ಕೈಗೆ ಹತ್ತಿದ ಮೇಲೆ ನೋಡಬಹುದು.

ಎದುರಿನವರೂ ಒಂಟೆ ಹೊರಗೆ ತಂದರೆ

ಕೆಲವರು ನಮ್ಮನ್ನೇ ಅನುಕರಿಸಿ ಒಂಟೆಯನ್ನು ಎಫ್5ಕ್ಕೆ ತರುತ್ತಾರೆ. ನೀವು ಮಾಮೂಲಿ ಸಿ3 ಆಡಿ ಕೂತರೆ ಆಟ ಸಮಸಮ. ನೆನಪಿಡಿ, ನಮ್ಮ ಒಂಟೆ ಹೊರಗೆ ಬಂದಾಗ ಬಿ2 ಅನಾಥವಾದಂತೆ ಅವರ ಒಂಟೆ ಹೊರಗೆ ಬಂದಾಗ ಬಿ7 ಅನಾಥವಾಗಿದೆ. ಹಾಗಾಗಿ ಸಿ3 ಬಿಟ್ಟು ಸಿ4 ತಳ್ಳಿ. ಮುಂದೆ ರಾಣಿಯನ್ನು ಬಿ3ಕ್ಕೆ ತಂದರೆ ಅದು ಬಿ7ನ್ನೂ ಡಿ5ನ್ನೂ ಒಟ್ಟಿಗೆ ಒತ್ತುತ್ತದೆ. ಒಂಟೆ ಜಿ4ಕ್ಕೆ ಬಂದರೂ ಲೆಕ್ಕ ಇದೇ. ನಾವು ಒಂದು ನಡೆ ಮುಂದಿದ್ದೇವೆ ಎಂಬುದು ಸಮಾನ ಆಟಗಳಲ್ಲಿ ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಪ್ಪು ಜಿ6, ಒಂಟೆ ಜಿ7 ಆಡಿ ಕಿಂಗ್ಸ್ ಇಂಡಿಯನ್ ಮಾದರಿಯಲ್ಲಿ ಕಟ್ಟಿದಾಗ ಎರಡು ಬದಲಾವಣೆ ಮಾಡಿಕೊಳ್ಳಿ. ಬಿಳಿ ಮನೆಗಳ ಒಂಟೆ ಡಿ3ಕ್ಕೆ ಬೇಡ, ಇ2ಕ್ಕೆ. ಏಕೆಂದರೆ ಕಪ್ಪಿನ ಇಡೀ ಯೋಜನೆ ಡಿ6 ಆಡಿ ಇ5 ತಳ್ಳುವುದು. ಅಲ್ಲಿಂದ ಇ4ಕ್ಕೆ ಬಂದರೆ ಡಿ3ರ ಒಂಟೆ, ಎಫ್3ರ ಕುದುರೆ ಎರಡೂ ಒಟ್ಟಿಗೆ ಸಿಗುತ್ತವೆ. ಎರಡನೆಯದು, ಎಚ್3 ಆಡಿಟ್ಟುಕೊಳ್ಳಿ. ಕಪ್ಪು ಕುದುರೆಯನ್ನು ಎಚ್5ಕ್ಕೆ ತಂದು ಎಫ್4ರ ಒಂಟೆಯನ್ನು ಬೇಟೆಯಾಡಲು ಬಂದಾಗ, ಇಲ್ಲವೇ ಇ5 ತಳ್ಳಿದಾಗ, ಅದು ಎಚ್2ಕ್ಕೆ ಹೋಗಿ ಅಲ್ಲಿಂದಲೇ ಅದೇ ಓರೆಸಾಲನ್ನು ಕಾಯುತ್ತದೆ. ಇಲ್ಲಿ ರಾಜನ ಕಡೆ ದಾಳಿ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ಜಿ7ರ ಒಂಟೆ ಅವನನ್ನು ಚೆನ್ನಾಗಿ ಕಾಯುತ್ತಿದೆ. ನಿಮ್ಮ ಜಾಗ ರಾಣಿಯ ಕಡೆ: ಸಿ4, ಬಿ4, ಎ4 ಎಂದು ಮೆಲ್ಲಗೆ ಮುಂದೆ ಸಾಗಿ.

ಕಪ್ಪು ಡಿ5 ಆಡಿದ ಕಟ್ಟಡದಲ್ಲಿ ಅದರ ಕುದುರೆ ಎಚ್5ಕ್ಕೆ ಬಂದು ಜಿ3ರ ಒಂಟೆಯನ್ನು ಹೊಡೆದರೆ ಗಾಬರಿ ಬೇಡ. ಎಚ್ ಕಾಲಾಳಿನಿಂದ ಹೊಡೆಯಿರಿ. ಆನೆಗೆ ಸಾಲು ಸಿಕ್ಕಿತು. ಎಲ್ಲ ಆಟದಲ್ಲೂ ಎಚ್3 ಆಡುವ ಚಾಳಿ ಇರುವವರು ಈ ಲಾಭವನ್ನು ತಾವೇ ಕಳೆದುಕೊಂಡಿರುತ್ತಾರೆ.

ಸಿ ಕಾಲಾಳು ಡಿ4ನ್ನು ಹೊಡೆದಾಗ

ಬಹಳ ಆಟಗಳಲ್ಲಿ ಕಪ್ಪು ಸಿ5ರಿಂದ ಡಿ4ನ್ನು ಹೊಡೆಯುತ್ತದೆ. ಸಾಮಾನ್ಯವಾಗಿ ಇ ಕಾಲಾಳಿನಿಂದಲೇ ತಿರುಗಿ ಹೊಡೆಯಿರಿ. ಇ ಸಾಲು ಅರ್ಧ ತೆರೆಯುತ್ತದೆ, ಆನೆ ಇ1ಕ್ಕೆ ಬರುತ್ತದೆ, ಇ5ರಲ್ಲಿ ಕೂರುವ ಕುದುರೆಗೆ ಹಿಂದಿನಿಂದ ಬಲ ಸಿಗುತ್ತದೆ. ಕಪ್ಪಿಗೆ ಪ್ರತಿಯಾಗಿ ಅರ್ಧ ತೆರೆದ ಸಿ ಸಾಲು. ಅವರು ಬಿ5, ಬಿ4 ಎಂದು ಕಾಲಾಳು ತಳ್ಳಿ ನಿಮ್ಮ ಸಿ3ನ್ನು ಒಡೆಯಲು ನೋಡುತ್ತಾರೆ. ಎ4 ಆಡಿ ತಡೆಯುವುದು ಹಳೆಯ, ಒಳ್ಳೆಯ ಮದ್ದು.

ಈ ಕಾಲಾಳುಗಳ ವಿನ್ಯಾಸ ಲಂಡನ್‌ನದ್ದೊಂದೇ ಅಲ್ಲ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟ ಮತ್ತು ಉಳಿದ ಜಗತ್ತಿನ ನಡುವೆ ನಡೆದ ಪಂದ್ಯದಲ್ಲಿ ಬಾಬಿ ಫಿಷರ್ ಟಿಗ್ರಾನ್ ಪೆಟ್ರೋಸಿಯನ್ ಎದುರು ಇ4ರಿಂದ ಆರಂಭಿಸಿ ಕಾರೊ-ಕಾನ್ ಎಕ್ಸ್‌ಚೇಂಜ್ ಮೂಲಕ ಇದೇ ವಿನ್ಯಾಸಕ್ಕೆ ಬಂದರು. ಒಂಟೆ ಎಫ್4, ಕಾಲಾಳು ಸಿ3, ಎ4, ಕುದುರೆ ಇ5, ಮುಂದೆ ಕಾಲಾಳು ಎಫ್4. ನಡೆಗಳನ್ನು ಓದಿದರೆ ಲಂಡನ್ ಆಟವೇ ಅನಿಸುತ್ತದೆ. ಫಿಷರ್ ಗೆದ್ದರು. ಲಂಡನ್ ಪುಸ್ತಕಗಳಾಚೆ ಉದಾಹರಣೆ ಹುಡುಕುವವರಿಗೆ ನಾನು ಮೊದಲು ತೋರಿಸುವುದು ಈ ಆಟವನ್ನು.

ಡಿಂಗ್ ಲಿರೆನ್ ಅಸ್ತಾನಾದಲ್ಲಿ ಆಡಿದ ಆರನೇ ಆಟವೂ ಇದೇ ವಿನ್ಯಾಸದ್ದು. ಅಲ್ಲಿಯವರೆಗೆ ನೆಪೊಮ್‌ನಿಯಾಚಿ 3–2ರಲ್ಲಿ ಮುಂದಿದ್ದರು. ಕಪ್ಪಿನ ಒಂಟೆ ಎಫ್5ರಲ್ಲಿ ಇದ್ದುದರಿಂದ ಡಿಂಗ್ ತಮ್ಮ ಒಂಟೆಯನ್ನು ಡಿ3ಕ್ಕೆ ತರಲಿಲ್ಲ, ಬಿ5ಕ್ಕೆ ತಂದು ಸಿ6ರ ಕುದುರೆಯ ಮೇಲೆ ಒತ್ತಡ ಹಾಕಿದರು. ಆ ಕುದುರೆ ಕಾಯುತ್ತಿದ್ದುದು ಇ5ನ್ನು. ಮುಂದಿನ ನಡೆಗೆ ಎಫ್4ರ ಒಂಟೆಯಿಂದ ಡಿ6ರ ಒಂಟೆಯನ್ನು ತೆಗೆದರು. ಅದೂ ಇ5ರ ಕಾವಲುಗಾರನೇ. ಹನ್ನೆರಡನೇ ನಡೆಗೆ ಕುದುರೆ ಇ5ಕ್ಕೆ ಬಂತು. ಎ4, ಎ5 ತಳ್ಳಿ ರಾಣಿಯ ಕಡೆಯನ್ನು ಬಿಗಿ ಮಾಡಿದರು. ಎ1ರ ಆನೆಯನ್ನು ಮೂರನೇ ಅಡ್ಡಸಾಲಿಗೆ ಎತ್ತಿದರು, ಎಚ್ ಕಾಲಾಳನ್ನು ಮುಂದೆ ನಡೆಸಿದರು. ಕೊನೆಯಲ್ಲಿ, ಕಪ್ಪಿನ ಎ ಕಾಲಾಳು ರಾಣಿಯಾಗಲು ಓಡುತ್ತಿದ್ದಾಗ, 41ನೇ ನಡೆಗೆ ಡಿಂಗ್ ಸದ್ದಿಲ್ಲದೆ ಡಿ4ರ ಕಾಲಾಳನ್ನು ಡಿ5ಕ್ಕೆ ತಳ್ಳಿದರು. ಚೆಕ್ ಇಲ್ಲ, ಹೊಡೆತ ಇಲ್ಲ. ರಾಜನ ಸುತ್ತ ಬಲೆ ಬಿಗಿಯಿತು, 44 ನಡೆಗಳಲ್ಲಿ ಆಟ ಮುಗಿಯಿತು, ಪಂದ್ಯ 3–3 ಆಯಿತು. ಲಂಡನ್ ಸಪ್ಪೆ ಎನ್ನುವವರ ಮುಂದೆ ಈ ಒಂದು ಆಟ ಇಟ್ಟರೆ ಸಾಕು.

ಅಭ್ಯಾಸಕ್ಕೆ

ಎಂಜಿನ್ ಹಾಕಿ ನೋಡಿದರೆ ಲಂಡನ್‌ನ ಮೊದಲ ಹತ್ತು ನಡೆಗಳಿಗೆ ಅದು ಹೆಚ್ಚೂ ಕಡಿಮೆ ಸಮ ಎಂದು ತೋರಿಸುತ್ತದೆ. ಅದರಿಂದ ಎದೆಗುಂದಬೇಡಿ. ಓಪನಿಂಗ್‌ನಲ್ಲೇ ಗೆಲ್ಲುವುದು ಇದರ ಉದ್ದೇಶವಲ್ಲ; ನಿಮಗೆ ಗೊತ್ತಿರುವ, ಎದುರಿನವರಿಗೆ ಅಷ್ಟಾಗಿ ಗೊತ್ತಿಲ್ಲದ ನಡು ಆಟಕ್ಕೆ ಬಂದು ನಿಲ್ಲುವುದು. ಬುಲೆಟ್, ಬ್ಲಿಟ್ಜ್‌ನಲ್ಲಿ ಕಲಿಯಲು ಹೋಗಬೇಡಿ. ಅಲ್ಲಿ ಕೈ ಮಾತ್ರ ಪಳಗುತ್ತದೆ, ಕಣ್ಣು ಪಳಗುವುದಿಲ್ಲ. ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದ ಆಟಗಳನ್ನು ಆಡಿ. ಮುಗಿದ ಮೇಲೆ ಪ್ರತಿ ಆಟದ ಹದಿನೈದನೇ ನಡೆಗೆ ಹೋಗಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇ5 ಯಾರ ಕೈಯಲ್ಲಿದೆ? ಕಪ್ಪಿನ ಕೈಯಲ್ಲಿದ್ದರೆ ಯಾವ ನಡೆಯಲ್ಲಿ ಬಿಟ್ಟುಕೊಟ್ಟಿರಿ ಎಂದು ಹಿಂದಕ್ಕೆ ಹುಡುಕಿ. ಸೋತ ಆಟಗಳ ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ.

ಮಕ್ಕಳಿಗೆ ಕಲಿಸುವ ತಂದೆತಾಯಿ, ತರಬೇತುದಾರರಿಗೆ ಒಂದು ಮಾತು. ಆರೇಳು ವರ್ಷದ ಮಕ್ಕಳಿಗೆ ಲಂಡನ್ ಒಂದನ್ನೇ ಕಲಿಸಿ ಟೂರ್ನಿಗೆ ಕಳಿಸುವುದು ಈಗ ಸಾಮಾನ್ಯವಾಗಿದೆ. ಬೇಗ ಸೋಲುವುದಿಲ್ಲ ಎಂಬುದು ಅದರ ಆಕರ್ಷಣೆ. ನನಗೆ ಇದು ಸರಿಯೆನಿಸುವುದಿಲ್ಲ. ಮಕ್ಕಳು ಮೊದಲು ಇ4, ಇ5ರ ತೆರೆದ ಆಟಗಳಲ್ಲಿ ಕಾಯಿ ಕಳೆದುಕೊಂಡು, ಕಾಯಿ ಹೊಡೆದು, ಎಫ್7ರ ಮೇಲಿನ ದಾಳಿಗಳನ್ನು ಅನುಭವಿಸಿ ಕಲಿಯಬೇಕು. ಎದುರಾಳಿಯ ನಡೆಗೆ ಕಾರಣ ಹುಡುಕುವ ಅಭ್ಯಾಸ ಅಲ್ಲಿ ಬರುತ್ತದೆ. ಆ ಅಭ್ಯಾಸವಿಲ್ಲದ ಮಗುವಿಗೆ ಮೇಲೆ ಹೇಳಿದ 9. ಕುದುರೆ ಇ5 ಹೊಳೆಯುವುದು ಕಷ್ಟ. ಅದು ಕ್ಯಾಸ್ಲಿಂಗ್ ಮಾಡುತ್ತದೆ, ಕಪ್ಪು ಇ5 ತಳ್ಳುತ್ತದೆ. ಎರಡು ಮೂರು ವರ್ಷ ತೆರೆದ ಆಟ ಆಡಿದ ಮೇಲೆ ಲಂಡನ್ ಕೊಡಿ, ಅದನ್ನು ಅರ್ಥಮಾಡಿಕೊಂಡು ಆಡುತ್ತಾರೆ.

ಕಪ್ಪು ಕಾಯಿ ಹಿಡಿದಾಗ ಲಂಡನ್ ಎದುರಾಗುವವರಿಗೂ ಇದೇ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ಬೇಗ ಸಿ5 ತಳ್ಳಿ, ಕುದುರೆಯನ್ನು ಸಿ6ಕ್ಕೆ ತನ್ನಿ, ಬಿಳಿ ಬಿ1ರ ಕುದುರೆಯನ್ನು ಡಿ2ಕ್ಕೆ ತರುವುದು ತಡ ಮಾಡಿದರೆ ರಾಣಿಯನ್ನು ಬಿ6ಕ್ಕೆ ಕಳಿಸಿ ಬಿ2ರ ಮೇಲೆ ಕೂರಿಸಿ. ಬಿಳಿ ಒಂಟೆ ಜಿ3ರಲ್ಲಿದ್ದು ಆನೆ ಎಚ್1ರಲ್ಲೇ ಇದ್ದರೆ ಅಲ್ಲಿ ಹೊಡೆಯುವ ಆಸೆ ಬೇಡ; ಬಿಳಿ ಕ್ಯಾಸ್ಲಿಂಗ್ ಮಾಡುವವರೆಗೆ ಕಾಯಿರಿ, ಆಮೇಲೆ ಹೊಡೆದರೆ ಎಚ್ ಸಾಲಿನಿಂದ ಅವರಿಗೆ ಲಾಭವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಿಳಿ ಕುದುರೆ ಇ5ಕ್ಕೆ ಬರುವ ಮೊದಲು ಇ5 ತಳ್ಳಲು ಸಾಧ್ಯವೇ ಎಂದು ಪ್ರತಿ ನಡೆಯಲ್ಲೂ ನೋಡುತ್ತಿರಿ.